ಓದುಗರ ಪ್ರಶ್ನೆ: ಬೆಂಗಳೂರು ನಗರ ಜಿಲ್ಲೆಯಲ್ಲಿ ತೋಟ ಮಾಡಿಕೊಂಡು ಬದುಕಬಹುದೇ?

ಪ್ರಶ್ನೆ: ನಾವಿಬ್ಬರೂ ಕಂಪ್ಯೂಟರ್ ಕೆಲಸದವರು. ಆನೇಕಲ್ ತಾಲ್ಲೂಕಿನಲ್ಲಿ ಎರಡು ಎಕರೆ ಕೊಂಡು ರಾಗಿ, ತರಕಾರಿ, ಎರಡು ಹಸು, ಒಂದಷ್ಟು ಕೋಳಿ ಅಂತ ಇದ್ದುಬಿಡುವ ಆಸೆ. 'ನಗರ ಜಿಲ್ಲೆಯಲ್ಲಿ ಅದೆಲ್ಲ ಆಗದ ಮಾತು, ತುಮಕೂರಿನ ಕಡೆ ಹೋಗಿ' ಅನ್ನುತ್ತಾರೆ ಗೆಳೆಯರು. ಜಾಗ ಇದಕ್ಕೆ ಒದಗುತ್ತದೋ ಇಲ್ಲವೋ ಎಂದು ಅಳೆಯುವುದು ಹೇಗೆ?
— ಜೆ.ಪಿ. ನಗರದ ದಂಪತಿ

ಉತ್ತರ: ಜಿಲ್ಲೆಯ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಹಳೆಯ ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ನಗರ, ಗ್ರಾಮಾಂತರ ಎಂದು ಒಡೆದದ್ದು ಆಡಳಿತದ ಅನುಕೂಲಕ್ಕೆ. ಆನೇಕಲ್ ತಾಲ್ಲೂಕೊಂದರಲ್ಲೇ ಬನ್ನೇರುಘಟ್ಟದ ಕಾಡಂಚಿನ ರಾಗಿ ಹೊಲವೂ ಇದೆ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆ ಸಾಲೂ ಇದೆ. ಅಳೆಯಬೇಕಾದದ್ದು ಸರ್ವೆ ನಂಬರನ್ನು. ಮೊದಲು ನೀರು, ಆಮೇಲೆ ಕಾಗದ, ಆಮೇಲೆ ಮಣ್ಣು, ಕೊನೆಗೆ ನೋಟ. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಬೆಟ್ಟ ಕಾಣಿಸುತ್ತದೆಂದು ಮುಂಗಡ ಕೊಟ್ಟು, ನೀರಿನ ವಿಚಾರವನ್ನು ಬೋರ್ ಲಾರಿ ಬಂದು ನಿಂತ ದಿನ ಕೇಳುತ್ತಾರೆ.

ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಬೆಂಗಳೂರು ನಗರ ಜಿಲ್ಲೆ 'ಅತಿಬಳಕೆ'ಯ ಪಟ್ಟಿಯಲ್ಲಿದೆ. ಅಂದರೆ ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು. ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಅಪರೂಪವಲ್ಲ. ಹಾಗಾಗಿ ಜಾಗವನ್ನು ಏಪ್ರಿಲ್ ಕೊನೆಯಲ್ಲಿ ನೋಡಿ. ನವೆಂಬರಿನಲ್ಲಿ ಎಲ್ಲ ಹೊಲವೂ ಚೆಂದ. ಸುತ್ತಲಿನ ನಾಲ್ಕೈದು ಜಮೀನಿನವರನ್ನು ಕೇಳಿ: ಎಷ್ಟು ಬೋರ್ ಕೊರೆಸಿದಿರಿ, ಎಷ್ಟು ಒಣಗಿದವು, ಕೊನೆಯದ್ದು ಯಾವ ವರ್ಷ, ಎಷ್ಟು ಅಡಿಗೆ ನೀರು ಸಿಕ್ಕಿತು, ಬೇಸಿಗೆಯಲ್ಲಿ ಮೋಟರು ಎಡೆಬಿಡದೆ ಎಷ್ಟು ಹೊತ್ತು ಓಡುತ್ತದೆ? ಕೊನೆಯ ಪ್ರಶ್ನೆಗೆ 'ಅರ್ಧ ಗಂಟೆ ಓಡಿಸಿ ಒಂದು ಗಂಟೆ ಬಿಡ್ತೀವಿ' ಎಂಬ ಉತ್ತರ ಬಂದರೆ ಆ ಜಾಗ ಬಿಡಿ.

ಮಾರುವವರು 'ಎರಡಿಂಚು ನೀರಿದೆ' ಅನ್ನುತ್ತಾರೆ. ಯಾವ ಇಂಚು ಎಂದು ಕೇಳಬೇಕು. ಪೈಪಿನ ಬಾಯಿಯ ಅಳತೆಗೆ ಅರ್ಥವಿಲ್ಲ. ನಂಬಬಹುದಾದದ್ದು 90 ಡಿಗ್ರಿಯ ವಿ-ನಾಚ್ ತಗಡಿನ ಅಳತೆ, ಅಂದರೆ 'ವಿ' ಆಕಾರದ ಕಂಡಿ ಕೊರೆದ ತಗಡಿನಲ್ಲಿ ಹರಿಯುವ ನೀರಿನ ಎತ್ತರ. ಅದರ ಲೆಕ್ಕವೂ ನೇರವಲ್ಲ: ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ 2,900, ಮೂರು ಇಂಚಿಗೆ 8,000. ಇಂಚು ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗೂ ಮೇಲೆ ಏರುತ್ತದೆ. ಆದ್ದರಿಂದ ಒಂದಕ್ಕೂ ಒಂದೂವರೆಗೂ ನಡುವಿನ ಆ ಅರ್ಧ ಇಂಚನ್ನು ಸಣ್ಣದೆಂದು ಬಿಡಬೇಡಿ. ನೀರಿನ ಎತ್ತರವನ್ನು ಕಂಡಿಯ ಬಾಯಲ್ಲೇ ಅಳೆಯಬಾರದು, ಅಲ್ಲಿ ನೀರು ಜಗ್ಗಿರುತ್ತದೆ. ಸ್ವಲ್ಪ ಹಿಂದಕ್ಕೆ, ನೀರು ಮಟ್ಟಸವಾಗಿ ನಿಂತಲ್ಲಿ ಅಳೆಯಿರಿ. ಕೊರೆಯುವಾಗ ಕಂಪ್ರೆಸರ್ ಉಗುಳಿದ ನೀರು ಲೆಕ್ಕಕ್ಕಿಲ್ಲ. ಮೋಟರು ಇಳಿಸಿ ಆರೇಳು ಗಂಟೆ ಓಡಿಸಿ, ಮೊದಲ ಗಂಟೆಯ ಅಳತೆ ಮತ್ತು ಕೊನೆಯ ಗಂಟೆಯ ಅಳತೆ ಬರೆದಿಟ್ಟುಕೊಳ್ಳಿ. ನಿಮ್ಮ ಲೆಕ್ಕಕ್ಕೆ ಕೊನೆಯದೇ ಆಧಾರ.

ಇನ್ನು ಬೇಕಾದ ನೀರು. ನಾಲ್ಕು ಜನರ ಮನೆಗೆ ದಿನಕ್ಕೆ 550 ಲೀಟರ್. ಎರಡು ಮಿಶ್ರತಳಿ ಹಸುಗಳಿಗೆ ಕುಡಿಯಲು, ಮೈತೊಳೆಯಲು, ಕೊಟ್ಟಿಗೆಗೆ ಸೇರಿ 200. ಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ 4 ಮಿ.ಮೀ. ನೀರು ಎಂದು ಹಿಡಿದರೆ ಗುಂಟೆಗೆ 400 ಲೀಟರ್, ಹತ್ತು ಗುಂಟೆಗೆ 4,000. ಹಸಿ ಮೇವು 15 ಗುಂಟೆಗೆ 6,000. ಒಟ್ಟು ಹತ್ತೂಮುಕ್ಕಾಲು ಸಾವಿರ. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಸಿಕ್ಕಿತು ಎಂದುಕೊಂಡರೆ ಒಂದೂವರೆ ಇಂಚಿಗೂ ತುಸು ಮೇಲಿನ ಬೋರ್ ಬೇಕು. ಒಂದೇ ಇಂಚು ಇದ್ದರೆ ದಿನಕ್ಕೆ 3,500 ಲೀಟರ್: ಮನೆ, ಹಸು ಕಳೆದು ಆರೇಳು ಗುಂಟೆ ತರಕಾರಿಗೆ ಸಾಕು, ಮೇವಿಗೆ ಏನೂ ಇಲ್ಲ. ಪಹಣಿಯಲ್ಲಿ ಎರಡು ಎಕರೆ ಇದ್ದರೂ ಬೇಸಿಗೆಯಲ್ಲಿ ನಿಮ್ಮದು ಆರು ಗುಂಟೆಯ ತೋಟವೇ. ಉಳಿದದ್ದು ಮಳೆಗಾಲದ ರಾಗಿ ಹೊಲ.

ರಾಗಿಯ ಮಟ್ಟಿಗೆ ಚಿಂತೆ ಕಡಿಮೆ. ವರ್ಷಕ್ಕೆ 900ರಿಂದ 1,000 ಮಿ.ಮೀ. ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಈ ಕೆಂಪು ಮಣ್ಣಿಗೆ ರಾಗಿ, ಅದರ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹೊಂದಿ ಬಂದ ಬೆಳೆ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟರಿಂದ ಹತ್ತು ಕ್ವಿಂಟಲ್ ಬಂದರೆ, ತಿಂಗಳಿಗೆ 20 ಕಿಲೋ ಉಣ್ಣುವ ಮನೆಗೆ ಹತ್ತು ಹನ್ನೆರಡು ಗುಂಟೆ ಸಾಕು.

ಇಷ್ಟರ ಮೇಲೆ ನಮ್ಮ ಅಭಿಪ್ರಾಯ: ಆನೇಕಲ್ಲಿನಲ್ಲಿ ನೀವು ಬಯಸಿದ ಬದುಕು ಮುಕ್ಕಾಲು ಪಾಲು ಸಾಧ್ಯ. ಸಾಧ್ಯವಾಗದ ಕಾಲು ಪಾಲು ಮೇವಿನದ್ದು. ಎರಡರ ಬದಲು ಒಂದು ಹಸು ಇಟ್ಟುಕೊಂಡರೆ ಲೆಕ್ಕ ಕೂಡುತ್ತದೆ. ಹೊಸ ಬೋರ್ ಕೊರೆಸುವ ಯೋಚನೆ ಇದ್ದರೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅನುಮತಿ ಬೇಕು. ಕೊಳ್ಳುವ ಮುನ್ನವೇ ವಿಚಾರಿಸಿ.

ಪ್ರಶ್ನೆ: ಐದು ಗುಂಟೆಯ 'ಫಾರ್ಮ್ ಪ್ಲಾಟ್' ನೋಡಿದ್ದೇವೆ. ಗೇಟು, ರಸ್ತೆ, ಡ್ರಿಪ್, ಮಾವಿನ ಗಿಡ ಎಲ್ಲ ಅವರೇ ಮಾಡಿಕೊಡುತ್ತಾರೆ. ಮನೆ ಕಟ್ಟಿಕೊಳ್ಳಬಹುದು ಅನ್ನುತ್ತಾರೆ. ನಂಬಬಹುದೇ? ಕೃಷಿಕರಲ್ಲದ ನಾವು ಜಮೀನು ಕೊಳ್ಳಬಹುದೇ?
— ವಿಜಯನಗರದ ನಿವೃತ್ತ ಶಿಕ್ಷಕರು

ಉತ್ತರ: ಕೊಳ್ಳಬಹುದು. ಕೃಷಿಕರಲ್ಲದವರಿಗೆ ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದರು.

ಮನೆಯ ಮಾತು ಬೇರೆ. ಕೃಷಿ ಜಮೀನಿನಲ್ಲಿ ಸ್ವಂತ ವಾಸಕ್ಕೆ ತೋಟದ ಮನೆ ಕಟ್ಟಲು ಭೂಕಂದಾಯ ಕಾಯ್ದೆ ಅವಕಾಶ ಕೊಡುತ್ತದೆ, ಆದರೆ ಹಿಡುವಳಿಯ ಶೇ 10ರ ಮಿತಿಯೊಳಗೆ. ಐದು ಗುಂಟೆ ಎಂದರೆ 5,445 ಚದರಡಿ. ಶೇ 10 ಅಂದರೆ 545 ಚದರಡಿ. ಅವರ ಕರಪತ್ರದಲ್ಲಿರುವ ಮೂರು ಕೋಣೆಯ ಮನೆ ಇದರಲ್ಲಿ ಹಿಡಿಸದು. ಬಾಡಿಗೆಗೆ ಕೊಡುವ, ವಾರಾಂತ್ಯಕ್ಕೆ ಅತಿಥಿಗಳನ್ನು ಇಳಿಸುವ ಮನೆಯಾದರೆ ಅದು ಕೃಷಿ ಬಳಕೆಯಲ್ಲ, ಭೂಪರಿವರ್ತನೆ ಬೇಕು.

ಇಂಥ ಪ್ಲಾಟುಗಳಲ್ಲಿ ಎಡವಟ್ಟಾಗುವುದು ಮುಖ್ಯವಾಗಿ ಪೋಡಿಯಲ್ಲಿ, ಅಂದರೆ ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದರಲ್ಲಿ. ದೊಡ್ಡ ಸರ್ವೆ ನಂಬರನ್ನು ತುಂಡು ಮಾಡಿ ಮಾರುವಾಗ 11ಇ ನಕ್ಷೆ (ಮಾರುವ ತುಂಡನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಆಗಿರಬೇಕು, ನೋಂದಣಿಯ ನಂತರ ನಿಮ್ಮ ಹೆಸರಿಗೆ ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ ಪ್ರತ್ಯೇಕ ಹಿಸ್ಸಾ ನಂಬರ್ ಬರಬೇಕು. ಹಾಗಲ್ಲದೆ ಒಂದೇ ಪಹಣಿಯಲ್ಲಿ ಮೂವತ್ತು ಹೆಸರು ಜಂಟಿಯಾಗಿ ಕೂತರೆ, ನಿಮ್ಮ ಐದು ಗುಂಟೆ ನೆಲದ ಮೇಲೆ ಎಲ್ಲಿದೆ ಎಂದು ಯಾರೂ ಹೇಳಲಾರರು. ಆಮೇಲೆ ಸಾಲಕ್ಕೂ ಮಾರಾಟಕ್ಕೂ ಉಳಿದವರ ಸಹಿ ಹುಡುಕಿಕೊಂಡು ಹೋಗಬೇಕು. ಒಳರಸ್ತೆ ಯಾರ ಹೆಸರಿನಲ್ಲಿದೆ, ಬೋರ್ ಇರುವ ಜಾಗ ಯಾರದು, ನಿರ್ವಹಣೆಯ ಕರಾರು ಮುಗಿದ ಮೇಲೆ ನೀರು ಯಾರ ಹಕ್ಕು ಎಂಬುದು ಕ್ರಯಪತ್ರದಲ್ಲೇ ಇರಲಿ.

ಯಾವ ಜಮೀನಿಗೂ ನೋಡಬೇಕಾದ ಕಾಗದಗಳು: ಪಹಣಿ, ಮ್ಯುಟೇಶನ್ ಸರಪಳಿ, ಆಕಾರಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ), ಗ್ರಾಮನಕ್ಷೆ, ಕನಿಷ್ಠ 30 ವರ್ಷದ ಋಣಭಾರ ಪತ್ರ. ಪಹಣಿಯ ವಿಸ್ತೀರ್ಣವೂ ಆಕಾರಬಂದಿನ ವಿಸ್ತೀರ್ಣವೂ ತಾಳೆಯಾಗಬೇಕು. ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಅದರಲ್ಲಿ 'ಬಿ' ಖರಾಬು ಸಾರ್ವಜನಿಕರದ್ದು: ಹಳ್ಳ, ದಾರಿ, ಸ್ಮಶಾನ. ಅದನ್ನೂ ಸೇರಿಸಿ ಎಕರೆ ಲೆಕ್ಕ ಹೇಳಿದರೆ ಅಷ್ಟನ್ನು ಕಳೆಯಿರಿ. ಪಹಣಿಯ 11ನೇ ಕಾಲಂ ಓದದೆ ಮುಂಗಡ ಕೊಡಬೇಡಿ. ಸಾಲ, ತಡೆಯಾಜ್ಞೆ, ಸ್ವಾಧೀನದ ಟಿಪ್ಪಣಿ ಅಲ್ಲಿರುತ್ತದೆ. ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಆ ಮಾರಾಟ ನಿಲ್ಲದು. 2023ರ ತಿದ್ದುಪಡಿಯ ನಂತರ 'ಬಹಳ ಹಳೆಯದು, ಈಗೇನೂ ಆಗಲ್ಲ' ಎಂಬ ಸಮಾಧಾನಕ್ಕೂ ಜಾಗವಿಲ್ಲ. ಹೊಲದ ನಡುವೆ ನಿಂತು ದಿಶಾಂಕ್ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್ ತೋರಿಸುತ್ತದೆ. ತೋರಿಸಿದ ಹೊಲ ಒಂದು, ಬರೆದ ನಂಬರ್ ಇನ್ನೊಂದು ಎಂಬ ಮೋಸ ಇದರಿಂದ ಎಷ್ಟೋ ತಪ್ಪಿದೆ.

ಪ್ರಶ್ನೆ: ನಗರ ಬೆಳೆಯುತ್ತಾ ಬಂದು ನಮ್ಮ ತೋಟವನ್ನೇ ನುಂಗಿದರೆ? ಮೊದಲೇ ತಿಳಿಯುವ ದಾರಿ ಇದೆಯೇ?
— ಯಲಹಂಕದ ಓದುಗರು

ಉತ್ತರ: ಪೂರ್ತಿ ತಿಳಿಯುವ ದಾರಿ ಇಲ್ಲ, ಅಪಾಯ ಕಡಿಮೆ ಮಾಡಬಹುದು. ನಿಮ್ಮ ಕಡೆಯದ್ದೇ ಉದಾಹರಣೆ: ಶಿವರಾಮ ಕಾರಂತ ಬಡಾವಣೆಗೆ 17 ಹಳ್ಳಿಗಳ 3,546 ಎಕರೆಯ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರಲ್ಲಿ. ಮುಂದುವರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ನಡುವಿನ ಹತ್ತು ವರ್ಷ ಆ ಜಮೀನುಗಳು ಅತ್ತ ರೈತರದ್ದೂ ಅಲ್ಲ, ಇತ್ತ ನಿವೇಶನವೂ ಅಲ್ಲ ಎಂಬಂತಿದ್ದವು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಇದಕ್ಕೆ ತಿರುಗುಮುರುಗು ನಡೆಯಿತು: ರೈತರು ಮೂರು ವರ್ಷಕ್ಕೂ ಮೀರಿ ಪಟ್ಟು ಹಿಡಿದು ಕೂತ ಮೇಲೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು.

ಕೊಳ್ಳುವ ಮುನ್ನ ಸರ್ವೆ ನಂಬರ್ ಹಿಡಿದು ಮೂರು ಕಡೆ ವಿಚಾರಿಸಿ. ಮೊದಲನೆಯದು ಆ ಪ್ರದೇಶದ ಯೋಜನಾ ಪ್ರಾಧಿಕಾರ: ನಗರದ ಸುತ್ತ ಬಿ.ಡಿ.ಎ., ಆನೇಕಲ್ಲಿಗೆ ಆನೇಕಲ್ ಯೋಜನಾ ಪ್ರಾಧಿಕಾರ, ವಿಮಾನ ನಿಲ್ದಾಣದ ಕಡೆಗೆ ಅದರದ್ದೇ ಪ್ರಾಧಿಕಾರ. ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ನಂಬರಿಗೆ ಬಳಿದ ಬಣ್ಣ ಕೃಷಿ ವಲಯದ್ದೇ ಎಂದು ನೋಡಿ. ವಸತಿ ಅಥವಾ ಕೈಗಾರಿಕೆಯದಾಗಿದ್ದರೆ ಐದು ಹತ್ತು ವರ್ಷದಲ್ಲಿ ಪಕ್ಕದಲ್ಲಿ ಲೇಔಟ್ ಏಳುತ್ತದೆ, ನಿಮ್ಮ ಕೊಟ್ಟಿಗೆಯ ವಾಸನೆಗೆ ದೂರು ಬರುತ್ತದೆ. ಎರಡನೆಯದು ಕೆ.ಐ.ಎ.ಡಿ.ಬಿ. (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮತ್ತು ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿ. ಮೂರನೆಯದು ಪೆರಿಫೆರಲ್ ರಿಂಗ್ ರೋಡ್, ಸ್ಯಾಟಲೈಟ್ ಟೌನ್ ರಿಂಗ್ ರೋಡ್‌ಗಳ ಮಾರ್ಗನಕ್ಷೆ. ಕೆರೆ, ರಾಜಕಾಲುವೆಯಿಂದ ಬಿಡಬೇಕಾದ ಅಂತರದ ನಿಯಮ ಹಲವು ಸಲ ಬದಲಾಗಿದೆ. ಇವತ್ತಿನದನ್ನು ಬರಹದಲ್ಲಿ ಪಡೆಯಿರಿ, ದಲ್ಲಾಳಿಯ ಬಾಯಿಮಾತು ಬೇಡ. ಪಶ್ಚಿಮಕ್ಕೆ ಹೋದರೆ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನಕ್ಕೆ 2003ರ ಸರ್ಕಾರಿ ಆದೇಶದ ವಲಯ ನಿರ್ಬಂಧಗಳಿವೆ. ಅವು ಕಟ್ಟಡಕ್ಕೆ ಅಡ್ಡಿ. ತೋಟ ಮಾಡುವವರಿಗೆ ಅದೇ ಒಂದು ರಕ್ಷಣೆ ಎಂದು ನಾವು ಎಣಿಸುತ್ತೇವೆ.

ಪ್ರಶ್ನೆ: ಹೊಸಕೋಟೆ ಕಡೆ ನೀಲಗಿರಿ ಕಡಿದ ಒಂದು ಎಕರೆ ಅಗ್ಗಕ್ಕೆ ಸಿಗುತ್ತಿದೆ. ಮಣ್ಣು ಕೆಟ್ಟಿರುತ್ತದೆಯೇ?
— ಕೆ.ಆರ್. ಪುರದ ಓದುಗರು

ಉತ್ತರ: ಕೆಟ್ಟಿರುವುದಕ್ಕಿಂತ ಬಡವಾಗಿರುತ್ತದೆ. ಸುಧಾರಿಸಲು ಎರಡು ಮಳೆಗಾಲ ಬೇಕು. ಬುಡಗಳನ್ನು ಜೆ.ಸಿ.ಬಿ.ಯಿಂದ ಕೀಳಿಸದಿದ್ದರೆ ಮತ್ತೆ ಚಿಗುರುತ್ತವೆ. ಕೀಳಿಸಿದ ಗುಂಡಿಗಳನ್ನು ಅಡಿಮಣ್ಣಿನಿಂದ ಮುಚ್ಚಿ, ಮೇಲ್ಮಣ್ಣು ಮೇಲೆಯೇ ಬರುವಂತೆ ನೋಡಿಕೊಳ್ಳಿ. ಇದನ್ನು ಎದುರು ನಿಂತು ಮಾಡಿಸಬೇಕು, ಚಾಲಕರಿಗೆ ಎಲ್ಲ ಮಣ್ಣೂ ಒಂದೇ. ಮುಂಗಾರಿಗೆ ಎಕರೆಗೆ 20 ಕಿಲೋ ಅಪ್ಸೆಣಬು ಚೆಲ್ಲಿ, 45 ದಿನಕ್ಕೆ ಹೂ ಮೂಡುವಾಗ ಉತ್ತು ಮಣ್ಣಿಗೆ ಸೇರಿಸಿ. ತಡಮಾಡಿದರೆ ಕಾಂಡ ನಾರಾಗಿ ಕೊಳೆಯದು. ಆಮೇಲೆ ಹುರುಳಿ. ಎರಡನೆಯ ವರ್ಷ ಮೂರು ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಕೊಟ್ಟು ರಾಗಿ.

ಆದರೆ ನೀಲಗಿರಿಗಿಂತ ಕೆಟ್ಟದ್ದು ಇಟ್ಟಿಗೆ ಗೂಡಿಗೆ ಮೇಲ್ಮಣ್ಣು ಮಾರಿದ ಜಮೀನು. ಗುರುತು ಸುಲಭ: ಪಕ್ಕದ ಹೊಲಕ್ಕಿಂತ ಮಟ್ಟ ಒಂದೆರಡು ಅಡಿ ತಗ್ಗು, ಬದುವಿನ ಮರಗಳ ಬೇರು ಹೊರಗೆ. ಅದನ್ನು ಅಗ್ಗಕ್ಕೆ ಕೊಟ್ಟರೂ ಬೇಡ. ನಗರದ ಹತ್ತಿರ ಇನ್ನೊಂದು ರೋಗ, ಹಳೆಯ ಕಟ್ಟಡದ ಅವಶೇಷ ತುಂಬಿ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿದ ಗುಂಡಿ ಜಮೀನು. ನಾಲ್ಕು ಕಡೆ ಮೂರಡಿ ಗುಂಡಿ ತೋಡಿಸಿ ನೋಡಿ. ತೋಡಲು ಒಪ್ಪದ ಮಾಲೀಕರಿಂದ ಕೊಳ್ಳಬೇಡಿ.

ಪರೀಕ್ಷೆಗೆ ಮಣ್ಣು ತೆಗೆಯುವಾಗ ಅಂಕುಡೊಂಕಾಗಿ ಎಂಟು ಹತ್ತು ಕಡೆ 'ವಿ' ಆಕಾರದ ಅರ್ಧ ಅಡಿ ಗುಂಡಿ ತೋಡಿ, ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಬದು, ತಿಪ್ಪೆ, ಮರದ ಬುಡದ ಮಣ್ಣು ಬೇಡ. ಹಣ್ಣಿನ ಗಿಡಕ್ಕಾದರೆ ಒಂದಡಿ, ಎರಡಡಿ, ಮೂರಡಿಯ ಮಾದರಿ ಬೇರೆ ಬೇರೆಯಾಗಿ ಇರಲಿ.

ಪ್ರಶ್ನೆ: ನಮ್ಮ ಜಮೀನಿನ ಪಕ್ಕದ ಕೆರೆಯಲ್ಲಿ ವರ್ಷವಿಡೀ ನೀರಿರುತ್ತದೆ, ನೊರೆಯೂ ಇರುತ್ತದೆ. ಸೊಪ್ಪು ಬೆಳೆಯಬಹುದೇ?
— ವರ್ತೂರು ಕಡೆಯ ಓದುಗರು

ಉತ್ತರ: ಬೇಡ. ಬೇಸಿಗೆಯಲ್ಲೂ ತುಂಬಿರುವ ಕೆರೆ ಈ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಚರಂಡಿ ನೀರಿನ ಕೆರೆ. ಸೊಪ್ಪು, ಮೂಲಂಗಿ, ಕ್ಯಾರೆಟ್ ಭಾರಲೋಹಗಳನ್ನು ಹೀರಿಕೊಳ್ಳುವುದರಲ್ಲಿ ಮುಂದು, ತೊಳೆದರೂ ಹೋಗುವುದಿಲ್ಲ. ಮೇವು ಬೆಳೆದರೆ ಅದು ಹಾಲಿನ ದಾರಿ ಹಿಡಿಯಬಹುದು. ಹೂವು ಮತ್ತು ಸೌದೆ ಮರಕ್ಕೆ ಮಾತ್ರ ಬಳಸಿ.

ನಿಮ್ಮ ಬೋರ್ ನೀರನ್ನೂ ಪರೀಕ್ಷೆ ಮಾಡಿಸಿ, ಕೆರೆಯದ್ದು ಅಲ್ಲಿಗೂ ಇಳಿದಿರುತ್ತದೆ. ಮೋಟರು ಕಾಲು ಗಂಟೆ ಓಡಿದ ಮೇಲೆ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಬಾಟಲಿಯಲ್ಲಿ ಎರಡು ಲೀಟರ್ ಹಿಡಿಯಿರಿ. ಭಾರಲೋಹದ ಪರೀಕ್ಷೆಗೆ ಆಮ್ಲ ಹಾಕಿದ ಬಾಟಲಿಯನ್ನು ಪ್ರಯೋಗಾಲಯವೇ ಕೊಡುತ್ತದೆ, ಅದನ್ನು ತೊಳೆಯಬಾರದು. ಕುಡಿಯಲು ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು, ಫ್ಲೋರೈಡ್ 1.5 ಮೀರಬಾರದು. ನೈಟ್ರೇಟ್ ಹೆಚ್ಚಿದ್ದರೆ ಕಾಯಿಸಬೇಡಿ. ಕಾಯಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಗಟ್ಟಿಯಾಗುತ್ತದೆ. ಅಂಥಲ್ಲಿ ಕುಡಿಯಲು ಮಳೆನೀರೇ ಮೇಲು. ಸಾವಿರ ಚದರಡಿ ಚಾವಣಿಯಿಂದ ವರ್ಷಕ್ಕೆ 70,000 ಲೀಟರ್ ಬರುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರಿನಂತೆ ಡಿಸೆಂಬರಿನಿಂದ ಏಪ್ರಿಲ್ ವರೆಗಿನ 150 ದಿನಕ್ಕೆ ಬೇಕಾದದ್ದು 6,000 ಲೀಟರ್ ಮಾತ್ರ. 10,000 ಲೀಟರಿನ, ಬೆಳಕು ಹೋಗದ ಸಂಪು ಸಾಕು. ಪ್ರತಿ ಮಳೆಯ ಮೊದಲ ನೀರನ್ನು ಹೊರಬಿಡುವ ಕವಾಟ ಮರೆಯಬೇಡಿ.

ಪ್ರಶ್ನೆ: ಬೋರ್ ಪೂರ್ತಿ ಕೈಕೊಟ್ಟರೆ ಕೃಷಿ ಹೊಂಡದಲ್ಲೇ ನಡೆಸಬಹುದೇ?
— ಅತ್ತಿಬೆಲೆಯ ಓದುಗರು

ಉತ್ತರ: ಹಿಂಗಾರಿನ ಒಂದು ಬೆಳೆಯನ್ನು ಉಳಿಸಿಕೊಳ್ಳಬಹುದು, ವರ್ಷವಿಡೀ ಆಗದು. ಮೇಲೆ 12×12 ಮೀಟರ್, ಆಳ 3 ಮೀಟರ್, ಒಂದಕ್ಕೊಂದು ಇಳಿಜಾರಿನ ಹೊಂಡ ತುಂಬಿದರೆ ಎರಡೂವರೆ ಲಕ್ಷ ಲೀಟರ್. ತುಂಬಿದಾಗ ಬೇಸಿಗೆಯ ಬಿಸಿಲು ದಿನಕ್ಕೆ 700 ಲೀಟರ್ ಕುಡಿಯುತ್ತದೆ. ನೆರಳು ಪರದೆ ಹಾಕಿದರೆ ಅದು ಇಳಿಯುತ್ತದೆ. ಕೆಂಪು ಮಣ್ಣಿನಲ್ಲಿ ಹಾಸು ಹಾಕದೆ ನೀರು ನಿಲ್ಲದು. 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಬೇಕು, ಅದರಡಿ ಕಲ್ಲು, ಬೇರು ಆಯ್ದು ತೆಗೆದಿರಬೇಕು. ನೀರು ಒಳಬರುವಲ್ಲಿ ಹೂಳು ಗುಂಡಿ ಮಾಡಿ. ಸುತ್ತ ಬೇಲಿ ಕಡ್ಡಾಯ, ಹಾಳೆಯ ಇಳಿಜಾರಿನಲ್ಲಿ ಜಾರಿದವರಿಗೆ ಹತ್ತಲಾಗದು. ಗಂಟು ಹಾಕಿದ ಹಗ್ಗವೊಂದು ಸದಾ ಒಳಗೆ ಇಳಿಬಿದ್ದಿರಲಿ.

ಪ್ರಶ್ನೆ: ಬನ್ನೇರುಘಟ್ಟ ಕಾಡಿನ ಅಂಚಿನಲ್ಲಿ ಒಂದೂವರೆ ಎಕರೆ ಇದೆ. ಆನೆ ಬರುತ್ತದೆ ಅನ್ನುತ್ತಾರೆ. ಅಲ್ಲಿ ಮನೆ ಮಾಡಬಹುದೇ?
— ಜಿಗಣಿಯ ಓದುಗರು

ಉತ್ತರ: ರಾಷ್ಟ್ರೀಯ ಉದ್ಯಾನದ ಸುತ್ತ 2020ರ ಮಾರ್ಚಿನಲ್ಲಿ 168.84 ಚದರ ಕಿ.ಮೀ. ಪರಿಸರ ಸೂಕ್ಷ್ಮ ವಲಯ ಗೊತ್ತುಮಾಡಿದ್ದಾರೆ, ಕೆಲವೆಡೆ ಗಡಿಯಿಂದ 100 ಮೀಟರ್, ಕೆಲವೆಡೆ ಒಂದು ಕಿ.ಮೀ. ಸ್ಥಳೀಯರ ಬೇಸಾಯ, ಹೈನುಗಾರಿಕೆಗೆ ಅಲ್ಲಿ ಅಡ್ಡಿಯಿಲ್ಲ. ವಾಣಿಜ್ಯ ಕಟ್ಟಡಕ್ಕೆ ಇದೆ.

ಆನೆ ಬರುವುದು ನಿಜ, ಮುಖ್ಯವಾಗಿ ನವೆಂಬರ್, ಡಿಸೆಂಬರಿನಲ್ಲಿ ರಾಗಿ ತೆನೆ ಕಟ್ಟಿದಾಗ, ಹಾಗೂ ಹಲಸು ಹಣ್ಣಾದಾಗ. ಬಾಳೆ, ಕಬ್ಬು ಹಾಕುವುದು ಕರೆದು ಕೂರಿಸಿದ ಹಾಗೆ. ನಿಂಬೆ, ಮೆಣಸಿನಕಾಯಿ, ಅರಿಶಿನಕ್ಕೆ ಹಾನಿ ಕಡಿಮೆ. ರಾಗಿ ಹಾಕಿದರೆ ಕೊಯ್ದ ತೆನೆಯನ್ನು ಮನೆಗೆ ಅಂಟಿದ ಕೋಣೆಯಲ್ಲಿ ಪೇರಿಸಬೇಡಿ. ವಾಸನೆ ಹಿಡಿದು ಗೋಡೆಗೇ ಕೈ ಹಾಕುತ್ತವೆ. ಸೋಲಾರ್ ಬೇಲಿ ಹಾಕುವುದಾದರೆ ಬಿಟ್ಟು ಬಿಟ್ಟು ಮಿಡಿಯುವ ಎನರ್ಜೈಸರ್ ಇರುವುದೇ ಬೇಕು. ಕರೆಂಟನ್ನು ಲೈನಿನಿಂದ ನೇರ ತಂತಿಗೆ ಕೊಡುವುದು ಜೈಲಿನ ಅಪರಾಧ, ಅದಕ್ಕೆ ಮೊದಲು ಸಾಯುವವರು ಮನೆಯವರೇ ಆಗಬಹುದು. ತಂತಿಗೆ ಹುಲ್ಲು ತಾಗಿದರೆ ಬೇಲಿ ಸತ್ತ ಹಾಗೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆಳಗೆ ಸವರಿ. ಚಿರತೆ ಇರುವ ಜಾಗವಾದ್ದರಿಂದ ಕರು, ಮೇಕೆ, ನಾಯಿ ರಾತ್ರಿ ಮೇಲ್ಛಾವಣಿಯೂ ಇರುವ ಕೋಣೆಯಲ್ಲಿರಬೇಕು. ಗೋಡೆ ಎತ್ತರಿಸಿ ಮೇಲೆ ತೆರೆದಿಟ್ಟರೆ ಪ್ರಯೋಜನವಿಲ್ಲ.

ಪ್ರಶ್ನೆ: ಜಮೀನು ಕೊಳ್ಳುವ ಶಕ್ತಿ ಇಲ್ಲ. 30×40 ನಿವೇಶನದ ಮನೆಯಲ್ಲಿ ಕೋಳಿ ಸಾಕಬಹುದೇ?
— ದಾಸರಹಳ್ಳಿಯ ಗೃಹಿಣಿ

ಉತ್ತರ: ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಒಮ್ಮೆ ಕೇಳಿಕೊಂಡು ಐದು ಹೆಣ್ಣುಕೋಳಿ ಸಾಕಿ. ಹುಂಜ ಬೇಡ, ಮೊಟ್ಟೆಗೆ ಅದು ಬೇಕಿಲ್ಲ, ನೆರೆಯವರ ಜಗಳ ಶುರುವಾಗುವುದೇ ಅದರ ಕೂಗಿನಿಂದ. ಬೆಂಗಳೂರಿನ ಪಶುವೈದ್ಯ ಕಾಲೇಜಿನ ಗಿರಿರಾಜ, ಸ್ವರ್ಣಧಾರಾ ತಳಿಗಳು ಹಿತ್ತಲಿಗೆ ಒಗ್ಗುತ್ತವೆ. ಐದಕ್ಕೆ ತಿಂಗಳಿಗೆ 18 ಕಿಲೋ ಮೇವು, ಅಡುಗೆಮನೆಯ ಸೊಪ್ಪಿನ ತುಂಡು ಇದರ ಮೇಲೆ. ಗೂಡಿಗೆ ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಸಾಲದು, ಹೆಗ್ಗಣ ಕಡಿದು ಒಳನುಗ್ಗುತ್ತದೆ. ಅರ್ಧ ಇಂಚಿನ ಬೆಸುಗೆ ಜಾಲರಿಯನ್ನು ನೆಲದೊಳಕ್ಕೂ ಒಂದಡಿ ಇಳಿಸಿ. ಮರಿ ತಂದ ವಾರದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆ, ಎಂಟನೇ ವಾರಕ್ಕೆ ಇನ್ನೊಂದು. ಲಸಿಕೆಯ ಸೀಸೆ ನೂರು ಕೋಳಿಯ ಲೆಕ್ಕದಲ್ಲಿ ಬರುವುದರಿಂದ, ಪಶು ಆಸ್ಪತ್ರೆಯಲ್ಲಿ ಹಾಕುವ ದಿನ ಕೇಳಿಕೊಂಡು ಬುಟ್ಟಿಯಲ್ಲಿ ಒಯ್ಯಿರಿ.